ಹಿಮ್ಮೇಳಕ್ಕೊಂದು ಮುಖಪುಟ

ಸಂಗೀತ ಪತ್ರಿಕೆಯೊಂದನ್ನು ಕಲ್ಪಿಸಿಕೊಂಡು, ವಿನ್ಯಾಸ ಮಾಡಿ, ಅಚ್ಚು ಹಾಕಿಸಿ ತರಬೇಕು. ಪತ್ರಿಕೋದ್ಯಮ ತರಗತಿಯಲ್ಲಿ ನಮಗೆ ಸಿಕ್ಕಿದ ಪ್ರಾಜೆಕ್ಟ್ ಇದು. ಮುಖಪುಟ, ಪರಿವಿಡಿ ಮತ್ತು ಜೋಡಿಪುಟದ ಒಂದು ಲೇಖನ ಇದ್ದರೆ ಅಂಕಗಳಿಗೆ ಸಾಕಿತ್ತು. ಸಹಪಾಠಿಗಳಲ್ಲಿ ಹೆಚ್ಚಿನವರು ಸಿನಿಮಾ ಹಾಡುಗಳನ್ನೋ ರಾಕ್ ಬ್ಯಾಂಡುಗಳನ್ನೋ ಆರಿಸಿಕೊಂಡರು. ನಾನು ಕಾಸರಗೋಡಿನ ಸಂಗೀತವನ್ನೇ ಹಿಡಿದುಕೊಂಡೆ. ಮೂರು ನಾಲ್ಕು ಪುಟಗಳಲ್ಲಿ ಮುಗಿಯುವ ಸಂಗೀತ ಇದಲ್ಲವಾದ್ದರಿಂದ 16 ಪುಟಗಳ ಪೂರ್ಣ ಸಂಚಿಕೆಯನ್ನೇ ಮಾಡಿದೆ.

ಈ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ಕಾರಣ ಹೇಳಬೇಕಾಗಿಲ್ಲ. ಕುಂಬಳೆಯೆಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಹೆಸರು, ಅವನ ರಾಮಾಯಣದ ಪ್ರಸಂಗಗಳು. ಅಲ್ಲಿಂದ ತುಸು ತೆಂಕಿಗೆ ಬಂದರೆ ಮೊಗ್ರಾಲ್, ಮಲಬಾರಿನ ಮುಸ್ಲಿಮರ ಮಾಪ್ಪಿಳ ಹಾಡುಗಳಿಂದಾಗಿ ಇಶಲ್ (ಆ ಹಾಡುಗಳ ಧಾಟಿ) ಗ್ರಾಮವೆಂದೇ ಹೆಸರಾದ ಊರು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರನ್ನು ದೇಶವು 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಲ್ಲದು. ನಮ್ಮ ಮನೆಗಳಲ್ಲಿ ಅವರು ಯಕ್ಷಗಾನದ ಪದ್ಯ ಹಾಡುವ ಭಾಗವತಿಕೆ ಮಾಡುತ್ತಿದ್ದ, ಹಾಡುತ್ತಿದ್ದ ಸ್ವಾಮೀಜಿ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಪಾಡ್ದನ ಎಂಬ ತುಳು ಕಥನಗೀತೆ, ಚಂದ್ರಗಿರಿ ಹೊಳೆಯಾಚೆ ದೈವಾರಾಧನೆಯ ತೆಯ್ಯಂನ ಚೆಂಡೆ. ಇಷ್ಟೆಲ್ಲ ಇದ್ದೂ ಇಲ್ಲಿನ ಯಕ್ಷಗಾನದ ಬಗ್ಗೆ ಅಚ್ಚಾಗುವ ಚಿತ್ರಗಳನ್ನು ನೋಡಿದರೆ ಕಾಣುವುದು ಕಿರೀಟ, ಭುಜಕೀರ್ತಿ, ಮುಖದ ಬಣ್ಣ. ಹಾಡಿದವರು, ಬಾರಿಸಿದವರು, ಅಂದರೆ ಹಿಮ್ಮೇಳದವರು, ಚಿತ್ರದ ಅಂಚಿನಲ್ಲಿ ಅರ್ಧ ಕತ್ತರಿಸಿ ಹೋಗಿರುತ್ತಾರೆ. ಭಾಗವತನೇ ಮೊದಲ ವೇಷ ಎಂದು ರಂಗದಲ್ಲಿ ಹೇಳುವುದುಂಟು. ಆ ಮಾತಿಗೆ ತಕ್ಕ ಸ್ಥಾನವನ್ನು ಕಾಗದದ ಮೇಲೆ ಕೊಡಬೇಕು ಎನ್ನುವುದೇ ನನ್ನ ಹಟ. ಮುಖಪುಟದಲ್ಲಿ ವೇಷ ಇರಕೂಡದು, ಹಿಮ್ಮೇಳ ಇರಬೇಕು ಎಂಬ ಈ ಒಂದು ತೀರ್ಮಾನವೇ ಉಳಿದ ಎಲ್ಲವನ್ನೂ ಎಳೆದುಕೊಂಡು ಬಂತು.

ಮೊದಲು ಹಳೆಯ ಪತ್ರಿಕೆಗಳನ್ನು ನೋಡಿದೆ. 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ರಾಕ್ ಸಂಗೀತದ ರೋಲಿಂಗ್ ಸ್ಟೋನ್, ಚೆನ್ನೈಯಲ್ಲಿ 1983ರಲ್ಲಿ ಶುರುವಾದ ಶಾಸ್ತ್ರೀಯ ಸಂಗೀತ ನೃತ್ಯಗಳ ಶ್ರುತಿ, ಇವೆರಡೂ ಪರಸ್ಪರ ದೂರದ ಲೋಕಗಳು. ಸಂಗೀತ ಪತ್ರಿಕೆಯ ಮುಖಪುಟಕ್ಕೆ ತರಗತಿಯಲ್ಲಿ ಕಲಿಸುವ ನಿಯಮಗಳಲ್ಲಿ ಮುಖ್ಯವಾದದ್ದು, ಕಲಾವಿದನ ಕಣ್ಣು ಓದುಗನನ್ನೇ ದಿಟ್ಟಿಸಬೇಕು ಎನ್ನುವುದು. ನಮ್ಮ ಭಾಗವತರು ಹಾಡುವಾಗ ಪ್ರೇಕ್ಷಕರನ್ನು ನೋಡುವುದಿಲ್ಲ. ಅವರ ಕಣ್ಣು ಕುಣಿಯುವವನ ಹೆಜ್ಜೆಯ ಮೇಲೆ, ಕಿವಿ ಮದ್ದಳೆಯ ಮೇಲೆ. ಅವರನ್ನು ಕ್ಯಾಮೆರಾದತ್ತ ತಿರುಗಿಸಿ ನಗಿಸಿದರೆ ಆ ಚಿತ್ರದಲ್ಲಿ ಸಂಗೀತ ಉಳಿಯುವುದಿಲ್ಲ. ಆ ನಿಯಮವನ್ನು ನಾನು ಬಿಟ್ಟೆ. ಬಿಟ್ಟದ್ದೇಕೆಂದು ಪ್ರಾಜೆಕ್ಟಿನ ವರದಿಯಲ್ಲಿ ಬರೆದೆ.

ಪ್ರಾಜೆಕ್ಟ್ ಸಿಕ್ಕಿದ್ದು ಪತ್ತನಾಜೆಯ ಹೊತ್ತಿಗೆ. ಮೇಳಗಳು ಗೆಜ್ಜೆ ಬಿಚ್ಚಿ, ತಿರುಗಾಟ ನಿಲ್ಲಿಸಿ ಮಳೆಗಾಲಕ್ಕೆ ಮನೆ ಸೇರುವ ಸಮಯ. ಇದು ನನಗೆ ಅನುಕೂಲವೇ ಆಯಿತು. ಮಳೆಗಾಲದಲ್ಲಿ ತಾಳಮದ್ದಳೆ ಇರುತ್ತದೆ; ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ, ಹಾಡು ಮತ್ತು ಮಾತು ಮಾತ್ರ. ಕ್ಯಾಮೆರಾ ಹಿಡಿದವನಿಗೆ ಹಿಮ್ಮೇಳದ ಹತ್ತಿರ ಕೂರಲು ಜಾಗವೂ ಸಿಗುತ್ತದೆ. ಬಂಧುಗಳ ಮನೆಯ ಚಾವಡಿಯಲ್ಲಿ ನಡೆದ ಕೂಟವೊಂದರಲ್ಲಿ ಮುಖಪುಟದ ಚಿತ್ರ ತೆಗೆದೆ.

ಚೆಂಡೆಯ ಚಿತ್ರ ತೆಗೆಯುವುದರಲ್ಲಿ ಒಂದು ಸೂಕ್ಷ್ಮವಿದೆ. ಶಟರ್ ವೇಗವನ್ನು 1/500 ಸೆಕೆಂಡಿಗೆ ಏರಿಸಿದರೆ ಕೋಲು ಗಾಳಿಯಲ್ಲಿ ಸ್ತಬ್ಧವಾಗಿ ನಿಂತುಬಿಡುತ್ತದೆ. ಚಿತ್ರ ಸ್ಪಷ್ಟ, ಆದರೆ ನಾದವಿಲ್ಲ. 1/30ಕ್ಕೆ ಇಳಿಸಿದರೆ ಮುಖವೂ ಕಲಸಿಹೋಗುತ್ತದೆ. 1/60ರ ಆಸುಪಾಸಿನಲ್ಲಿ ಚೆಂಡೆಯ ಅಂಚು, ಬಾರಿಸುವವರ ಹುಬ್ಬು ಚೂಪಾಗಿ ನಿಂತು, ಕೋಲು ಮಾತ್ರ ಗೆರೆಯಾಗಿ ಹರಿಯುತ್ತದೆ. ಕೋಲು ಚರ್ಮಕ್ಕೆ ತಾಗುವ ಗಳಿಗೆಯನ್ನು ಹಿಡಿಯಲು ಕಣ್ಣಿಗಿಂತ ಕಿವಿಯೇ ಉಪಯೋಗಕ್ಕೆ ಬಂತು: ಬಿಡ್ತಿಗೆ, ಅಂದರೆ ಬಾರಿಸುವ ಪೆಟ್ಟುಗಳ ಸರಣಿ, ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿದ್ದರೆ ಕೊನೆಯ ಪೆಟ್ಟಿಗೆ ಬೆರಳು ತಯಾರಾಗಿರುತ್ತದೆ. ಫ್ಲ್ಯಾಶ್ ಬಳಸಲಿಲ್ಲ. ಕಿಟಕಿಯಿಂದ ಬರುವ ಮಳೆಗಾಲದ ಮಂದ ಬೆಳಕು ಒಂದು ಬದಿಯಿಂದ ಮಾತ್ರ ಬಿದ್ದುದರಿಂದ ಚೆಂಡೆಯ ಹಗ್ಗಗಳ ಏರಿಳಿತವೆಲ್ಲ ಎದ್ದು ಕಂಡಿತು.

ಚಿತ್ರದ ಮೇಲಿನ ಮೂರನೇ ಒಂದು ಭಾಗ ಖಾಲಿ ಇರುವಂತೆ ತೆಗೆಯಬೇಕು, ಏಕೆಂದರೆ ಅಲ್ಲಿ ಪತ್ರಿಕೆಯ ಹೆಸರು ಬರುತ್ತದೆ. ಎ4 ಪುಟಕ್ಕೆ ಸುತ್ತಲೂ ಕತ್ತರಿಸಿ ತೆಗೆಯಲೆಂದು 3 ಮಿಲಿಮೀಟರ್ ಹೆಚ್ಚುವರಿ ಅಂಚು ಬಿಟ್ಟರೆ ಅಳತೆ 216 ಮತ್ತು 303 ಮಿಲಿಮೀಟರ್ ಆಗುತ್ತದೆ. ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಸುಮಾರು 2550 ಮತ್ತು 3580 ಪಿಕ್ಸೆಲ್ ಬೇಕು. ಹೊಸ ಮೊಬೈಲುಗಳ ಕ್ಯಾಮೆರಾಗಳೂ ಇಷ್ಟನ್ನು ಕೊಡುತ್ತವೆ. ಆದರೆ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿಯೇ ಕಳುಹಿಸಿದರೆ ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಬೇಕು. ಕಲಾವಿದರ ಮನೆಯವರಿಂದ ಹಳೆಯ ಚಿತ್ರಗಳನ್ನು ತರಿಸಿಕೊಳ್ಳುವಾಗ ಇದನ್ನು ಮೊದಲೇ ಹೇಳಿಬಿಡುತ್ತಿದ್ದೆ.

ಹೆಸರಿನ ವಿಚಾರದಲ್ಲಿ ಬಹಳ ಯೋಚಿಸಿದೆ. 'ಬಿಡ್ತಿಗೆ' ಎಂದು ಇಡುವ ಆಸೆ ಇತ್ತು. ದೊಡ್ಡದಾಗಿ ಬರೆದು ನೋಡಿದಾಗ ಎರಡನೆಯ ಅಕ್ಷರದ ಒತ್ತು ಕೆಳಗೆ ಇಳಿದು, ಅದರ ಸುತ್ತ ಜಾಗ ಬಿಡಬೇಕಾಗಿ ಬಂದು, ಚಿತ್ರಕ್ಕೂ ಹೆಸರಿಗೂ ನಡುವೆ ಒಂದು ಪಟ್ಟಿ ವ್ಯರ್ಥವಾಗುತ್ತಿತ್ತು. 'ಏರುಪದ' (ಏರು ದನಿಯಲ್ಲಿ ಹಾಡುವ ಪದ್ಯ) ಎಂದು ಬರೆದರೆ ಯಾವ ಅಕ್ಷರಕ್ಕೂ ಕೆಳಗೆ ಬಾಲವಿಲ್ಲ. ನಾಲ್ಕೂ ಒಂದೇ ನೆಲದ ಮೇಲೆ ನಿಲ್ಲುತ್ತವೆ. ಅನೇಕ್ ಕನ್ನಡ ಎಂಬ ಮುಕ್ತ ಫಾಂಟಿನಲ್ಲಿ ದಪ್ಪವನ್ನಷ್ಟೇ ಅಲ್ಲ, ಅಗಲವನ್ನೂ ಹಿಗ್ಗಿಸಿ ಕುಗ್ಗಿಸಬಹುದು. ಹೆಸರನ್ನು ಪುಟದ ಅಂಚಿನಿಂದ ಅಂಚಿಗೆ ಹಿಗ್ಗಿಸಿ, ಚೆಂಡೆಯ ಕೋಲಿನ ತುದಿ 'ಪ'ದ ಮೇಲೆ ಹಾಯುವಂತೆ ಕೂರಿಸಿದೆ.

ಕನ್ನಡದಲ್ಲಿ ಪತ್ರಿಕೆ ವಿನ್ಯಾಸ ಮಾಡುವ ವಿದ್ಯಾರ್ಥಿಗೆ ಪಠ್ಯಪುಸ್ತಕ ಸಹಾಯ ಮಾಡದೆ ಇರುವುದು ಅಕ್ಷರಗಳ ವಿಷಯದಲ್ಲೇ. ಅಲ್ಲಿರುವ ಸಲಹೆಗಳೆಲ್ಲ ರೋಮನ್ ಲಿಪಿಗೆ ಹೇಳಿದವು. ಇಂಗ್ಲಿಷ್ ಪತ್ರಿಕೆಗಳು ಮುಖಪುಟದ ಸಾಲುಗಳನ್ನು ದೊಡ್ಡಕ್ಷರಗಳಲ್ಲಿ ಹಾಕಿ ಗಮನ ಸೆಳೆಯುತ್ತವೆ. ನಮಗೆ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವೇ ಇಲ್ಲ. ದಪ್ಪ, ಗಾತ್ರ, ಬಣ್ಣ ಈ ಮೂರರಲ್ಲೇ ಮೇಲು ಕೆಳಗನ್ನು ತೋರಿಸಬೇಕು. ಅಕ್ಷರಗಳ ನಡುವೆ ಅಂತರ ಹೆಚ್ಚಿಸಿ ಶೀರ್ಷಿಕೆಗೆ ಹಗುರ ತರುವ ತಂತ್ರವೂ ಇಲ್ಲಿ ನಡೆಯದು. ಅಕ್ಷರವೊಂದು ಕಡೆ, ಅದರ ದೀರ್ಘ ಇನ್ನೊಂದು ಕಡೆ ಎಂಬಂತೆ ಪದ ಸಡಿಲವಾಗುತ್ತದೆ. ಲೇಖನದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದಾದರೆ 'ಸ್ವರ' ಎಂಬಲ್ಲಿ 'ಸ್ವ' ಇಡಿಯಾಗಿ ದೊಡ್ಡದಾಗಬೇಕು. ವಾಲಿಸಿದ ಅಕ್ಷರಗಳನ್ನು ನಾನು ಎಲ್ಲೂ ಬಳಸಲಿಲ್ಲ. ಕನ್ನಡದ ದುಂಡುತನಕ್ಕೆ ಯಂತ್ರ ಕೊಡುವ ವಾಲು ಒಗ್ಗುವುದಿಲ್ಲ.

ಸಾಲುಗಳ ನಡುವಿನ ಅಂತರವೇ ಎಲ್ಲಕ್ಕಿಂತ ಮುಖ್ಯ. ಇಂಗ್ಲಿಷಿನಲ್ಲಿ 10 ಪಾಯಿಂಟ್ ಅಕ್ಷರಕ್ಕೆ 12 ಪಾಯಿಂಟ್ ಅಂತರ ಸಾಕು. ನಮ್ಮಲ್ಲಿ ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ಎರಡೂ ಒಂದೇ ಜಾಗಕ್ಕೆ ಬರುತ್ತವೆ. ನೋಟೊ ಸೆರಿಫ್ ಕನ್ನಡದಲ್ಲಿ 11 ಪಾಯಿಂಟಿಗೆ 17.5 ಕೊಟ್ಟಾಗ ಓದು ಸಲೀಸಾಯಿತು. ಹಾಗೆ ಮಾಡಿದರೆ ಪುಟಕ್ಕೆ ಹಿಡಿಸುವ ಪದಗಳು ಕಡಿಮೆಯಾಗುತ್ತವೆ. ಅದಕ್ಕೆ ಲೇಖನಗಳನ್ನು ಕತ್ತರಿಸಿದೆನೇ ಹೊರತು ಸಾಲುಗಳನ್ನು ಒತ್ತಲಿಲ್ಲ. ಕಾಲಂಗಳಲ್ಲೂ ಇದೇ ಮಾತು: ಪುಟಕ್ಕೆ ಮೂರು ಕಾಲಂ ಮಾಡಿ ಎರಡೂ ಅಂಚು ಸರಿಸಮ ಮಾಡಿದರೆ 'ಹಾಡಿಕೊಂಡಿರುತ್ತಿದ್ದರಂತೆ' ಎಂಬಂಥ ಒಂದು ಪದ ಬಂದರೆ ಸಾಕು, ಸಾಲಿನಲ್ಲಿ ಹೊಂಡ ಬೀಳುತ್ತದೆ. ಎರಡು ಕಾಲಂ, ಬಲ ಅಂಚು ಸಡಿಲ. ನೋಟಕ್ಕೆ ಸ್ವಲ್ಪ ಒರಟಾದರೂ ಓದಲು ಹಿತ.

ಲೇಖನಗಳನ್ನು ಬರೆದುಕೊಟ್ಟ ಹಿರಿಯರಲ್ಲಿ ಕೆಲವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ಕಳುಹಿಸಿದರು. ಅವನ್ನು ಯುನಿಕೋಡಿಗೆ ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಬೇಕು. ಕಾಲೇಜಿನಲ್ಲಿದ್ದ ಪುಟವಿನ್ಯಾಸದ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆಯ್ಕೆ ಮಾಡಿಕೊಂಡರೆ ಒತ್ತಕ್ಷರಗಳು ಒಡೆಯುವುದಿಲ್ಲ. ಮನೆಯಲ್ಲಿ ಉಚಿತವಾದ ಸ್ಕ್ರೈಬಸ್ ಬಳಸಿದೆ. ಅದರ ಹೊಸ ಆವೃತ್ತಿಗಳಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ.

ಜೋಡಿಪುಟದ ಲೇಖನ ಬಲಿಪ ನಾರಾಯಣ ಭಾಗವತರ ಹಾಡುಗಾರಿಕೆಯ ಬಗ್ಗೆ. ನಮ್ಮ ಜಿಲ್ಲೆಯ ಪಡ್ರೆಯ ನೆಲದಿಂದ ಬಂದು, 2023ರಲ್ಲಿ ಅಗಲಿದ ಅವರ ಶೈಲಿಯನ್ನು ಇಲ್ಲಿ ಬಲಿಪ ಶೈಲಿ ಎಂದೇ ಕರೆಯುತ್ತಾರೆ. ಅವರ ಚಿತ್ರಗಳು ಬೇಕಾದಷ್ಟು ಓಡಾಡುತ್ತಿವೆ. ಆದರೆ ತೆಗೆದವರು ಯಾರೆಂದು ತಿಳಿಯದ, ಅನುಮತಿ ಕೇಳಲಾಗದ ಚಿತ್ರವನ್ನು ಹಾಕಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಆ ಎರಡು ಪುಟಗಳನ್ನು ಅಕ್ಷರಗಳಿಂದಲೇ ಕಟ್ಟಿದೆ. ಆಲಾಪದ 'ಆ' ಎಡಪುಟದ ತಳದಿಂದ ಹೊರಟು, ಮಡಿಕೆಯನ್ನು ದಾಟಿ, ಬಲಪುಟದ ಮೇಲಂಚಿನಲ್ಲಿ ಅರ್ಧ ಹೊರಗೆ ಹೋಗುತ್ತದೆ. ಏರು ಶ್ರುತಿಯ ಆ ಕಂಠಕ್ಕೆ ಪುಟ ಸಾಲದು ಎಂದು ಕಾಣಬೇಕಿತ್ತು. ಇಂಥ ದೊಡ್ಡ ಆಕೃತಿ ಎರಡು ಪುಟಗಳಲ್ಲಿ ಹರಡಬೇಕಾದರೆ ಅದು 8 ಮತ್ತು 9ನೇ ಪುಟಗಳಲ್ಲೇ ಇರಬೇಕು. 16 ಪುಟಗಳ ಪತ್ರಿಕೆಯ ಒಳಗೆ ಎದುರುಬದುರಾಗಿ ತೆರೆಯುವ ಪುಟಗಳಲ್ಲಿ ನಡುವಿನ ಆ ಎರಡು ಮಾತ್ರ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಅಚ್ಚಾಗುತ್ತವೆ. ಬೇರೆಡೆ ಎರಡು ಹಾಳೆಗಳು ಕೂಡುವುದರಿಂದ ಗೆರೆ ಕೂದಲೆಳೆಯಷ್ಟು ಜಾರಿದರೂ ಕಣ್ಣಿಗೆ ಹೊಡೆಯುತ್ತದೆ.

ಬಲಪುಟದ ಅಡಿಯಲ್ಲಿ ಏಳು ಮಾತ್ರೆಗಳ ತ್ರಿವುಡೆ ತಾಳದ ಒಂದು ಪಟ್ಟಿ ಇದೆ. ಅಂಚುಗಳನ್ನು ಕಳೆದು ಉಳಿಯುವ 180 ಮಿಲಿಮೀಟರ್ ಅಗಲವನ್ನು ಏಳು ಮನೆಗಳಾಗಿ ಭಾಗಿಸಿ, ಪೆಟ್ಟು ಬೀಳುವ ಮನೆಗೆ ಗಾಢ ಬಣ್ಣ, ಪೆಟ್ಟಿಲ್ಲದ ಹುಸಿಗೆ ತಿಳಿ ಬಣ್ಣ. ಯಾವ ಮನೆಗೆ ಯಾವುದು ಎಂದು ಮದ್ದಳೆ ಕಲಿಸುವ ನನ್ನ ಸೋದರಮಾವನೇ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟರು. "ಇದನ್ನು ನೋಡಿಕೊಂಡು ಮಕ್ಕಳು ತಾಳ ಹಾಕಬಹುದಲ್ಲ ಮಾರಾಯ, ಸ್ವಲ್ಪ ದೊಡ್ಡದು ಮಾಡು" ಎಂದರು. ಲೇಖನದ ಒಂದು ಪ್ಯಾರಾ ತೆಗೆದು ಪಟ್ಟಿಯ ಎತ್ತರ ಹೆಚ್ಚಿಸಿದೆ. ಇಡೀ ಸಂಚಿಕೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಅದು.

ಮೊಗ್ರಾಲಿನ ಪುಟದಲ್ಲಿ ಕನ್ನಡ, ಮಲಯಾಳ, ಅರಬಿ ಮೂರು ಲಿಪಿಗಳು ಒಟ್ಟಿಗೆ ಬಂದವು. ಮಾಪ್ಪಿಳ ಹಾಡುಗಳ ಪರಂಪರೆ ಅರಬಿ ಮಲಯಾಳದಲ್ಲಿ, ಅಂದರೆ ಅರಬಿ ಲಿಪಿಯ ಮಲಯಾಳದಲ್ಲಿ, ಬರೆದಿಟ್ಟದ್ದು. ಅದನ್ನು ಕೈಬಿಟ್ಟು ಕನ್ನಡದಲ್ಲಷ್ಟೇ ಹೇಳಿದರೆ ಆ ಊರಿನವರು ತಮ್ಮ ಪುಟವೆಂದು ಒಪ್ಪುವುದಾದರೂ ಹೇಗೆ? ಮಲಯಾಳಕ್ಕೆ ಹಳೆಯ ಲಿಪಿಯ ಕೂಡಕ್ಷರಗಳನ್ನು ಉಳಿಸಿಕೊಂಡ ರಚನ ಫಾಂಟನ್ನು ಬಳಸಿದೆ. ಪಾಯಿಂಟ್ ಸಂಖ್ಯೆ ಒಂದೇ ಇದ್ದರೂ ಲಿಪಿಗಳ ಗಾತ್ರ ಒಂದೇ ಆಗಿ ಕಾಣುವುದಿಲ್ಲ; ಅಚ್ಚು ಹಾಕಿಸಿ, ಕೈಯಳತೆಯ ದೂರದಲ್ಲಿ ಹಿಡಿದು, ಕಣ್ಣಿನಿಂದಲೇ ಸರಿದೂಗಿಸಬೇಕು. ಪುಟಸಂಖ್ಯೆಗಳಿಗೆ ಕನ್ನಡ ಅಂಕೆಗಳ ಬದಲು ಎಲ್ಲರೂ ಓದುವ ಅಂಕೆಗಳನ್ನೇ ಇಟ್ಟೆ. ಮಲಯಾಳ ಮಾಧ್ಯಮದಲ್ಲಿ ಕಲಿತ ಗೆಳೆಯರೂ ಈ ಪತ್ರಿಕೆಯನ್ನು ತಿರುವಿ ಹಾಕುವವರೇ.

ಪ್ರತಿ ಲೇಖನದ ಕೊನೆಗೆ ಕ್ಯೂಆರ್ ಕೋಡ್ ಇದೆ. ಮೊಬೈಲ್ ಹಿಡಿದರೆ ಧ್ವನಿಮುದ್ರಣ ಕೇಳಿಸುತ್ತದೆ. ಬಿಳಿಯ ಮೇಲೆ ಕಪ್ಪು, ಸುತ್ತಲೂ ಖಾಲಿ ಜಾಗ, 25 ಮಿಲಿಮೀಟರ್ ಗಾತ್ರ. ಅಂದಕ್ಕಾಗಿ ಚಿತ್ರದ ಮೇಲೆ ಕೂರಿಸಿದರೆ ಮಂದ ಬೆಳಕಿನ ಚಾವಡಿಯಲ್ಲಿ ಅದು ಓದಿಕೊಳ್ಳುವುದಿಲ್ಲ. ಹಾಡಿದ ಪ್ರತಿಯೊಬ್ಬರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆದೆ.

ಅಚ್ಚಿಗೆ ಹೋದಾಗ ಅಂಗಡಿಯವರು "ಕನ್ನಡ ಫೈಲಾ? ನಮ್ಮ ಕಂಪ್ಯೂಟರಿನಲ್ಲಿ ಅಕ್ಷರ ಒಡೆಯುತ್ತದೆ" ಎಂದರು. ಫಾಂಟುಗಳನ್ನೆಲ್ಲ ಒಳಗೊಂಡ ಪಿಡಿಎಫ್ ಆದ್ದರಿಂದ ಆ ತೊಂದರೆ ಬರಲಿಲ್ಲ. ನಾಲ್ಕು ಎ3 ಹಾಳೆ, ಮಡಚಿ ನಡುವೆ ಪಿನ್. ಪರದೆಯ ಮೇಲೆ ಉರಿಯುವ ಮುಂಡಾಸಿನ ಕೆಂಪು ಕಾಗದದಲ್ಲಿ ಮಂಕಾಗುತ್ತದೆ ಎನ್ನುವುದು ಗೊತ್ತಿದ್ದ ವಿಷಯ. ಒಂದು ಪುಟವನ್ನು ಮೊದಲೇ ತೆಗೆಸಿ ನೋಡಿ, ನೀಲಿಯ ಪಾಲನ್ನು ತೆಗೆದು ಹಳದಿಯನ್ನು ಹೆಚ್ಚಿಸಿದೆ. ಮಳೆಗಾಲದ ತೇವಕ್ಕೆ ಸುರುಳಿಯಾಗದಿರಲೆಂದು ಹೊರಹಾಳೆಗೆ ದಪ್ಪ ಕಾಗದ ಹಾಕಿಸಿ ಮ್ಯಾಟ್ ಲ್ಯಾಮಿನೇಶನ್ ಮಾಡಿಸಿದೆ.

ಪ್ರತಿಗಳನ್ನು ಮೊದಲು ಕೊಟ್ಟದ್ದು ಚಿತ್ರಗಳಲ್ಲಿರುವ ಹಿಮ್ಮೇಳದವರಿಗೆ, ಆಮೇಲೆ ಕಾಲೇಜಿಗೆ. ವಯಸ್ಸಾದವರು ಅಕ್ಷರ ಇನ್ನೂ ಒಂದು ಪಾಯಿಂಟ್ ದೊಡ್ಡದಿರಲಿ ಎಂದು ಕೇಳಿದ್ದಾರೆ. ಎರಡನೆಯ ಸಂಚಿಕೆಯನ್ನು 12 ಪಾಯಿಂಟಿನಲ್ಲಿ ಹೊಂದಿಸುತ್ತಿದ್ದೇನೆ. ಅದು ಪಾಡ್ದನಗಳದ್ದು. ಒಬ್ಬಳು ಹೇಳಿಕೊಡುವ, ಉಳಿದವರು ದನಿಗೂಡಿಸುವ ಹಾಡನ್ನು ಪುಟದಲ್ಲಿ ಹೇಗೆ ಕೂರಿಸಬೇಕೆಂದು ಈಗ ಪ್ರಯೋಗ ನಡೆದಿದೆ: ಹೇಳುವವಳ ಸಾಲು ಎಡಪುಟದಲ್ಲಿ, ಸೇರುವವರ ಸಾಲು ಅದೇ ಎತ್ತರದಲ್ಲಿ ಬಲಪುಟದಲ್ಲಿ, ತುಳುವಿಗೆ ಕನ್ನಡ ಲಿಪಿ. ಸಾಲುಗಳು ಎರಡೂ ಪುಟಗಳಲ್ಲಿ ಒಂದೇ ಮಟ್ಟದಲ್ಲಿ ನಿಲ್ಲಬೇಕಾದ್ದರಿಂದ ಈ ಬಾರಿ ಪುಟದ ಚೌಕಟ್ಟನ್ನು ಸಾಲಿನ ಅಂತರದಿಂದಲೇ ಲೆಕ್ಕ ಹಾಕಿ ಶುರು ಮಾಡಿದ್ದೇನೆ.