ಐದನೆಯ ಚಾಕು

ಉಡುಪಿ ಬಳಿಯ ಕೋಡಿಬೆಂಗ್ರೆಯಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳು ಕೂಡಿ ಸಮುದ್ರಕ್ಕಿಳಿಯುವ ಅಳಿವೆಯ ಬಳಿ, ಇಳಿತದ ಹೊತ್ತಿನಲ್ಲಿ ಕಯಾಕ್ ನಿಲ್ಲಿಸಿ ಗಾಳ ಹಾಕಿದವರಿಗೆ ಅಲ್ಲಿನ ನೀರಿನ ಎಳೆತವನ್ನು ವಿವರಿಸಬೇಕಾಗಿಲ್ಲ. ನಾನು ಏಳೆಂಟು ವರ್ಷಗಳಿಂದ ಅಲ್ಲಿಯೂ ಮೇಲಿನ ಕಾಂಡ್ಲಾ (ಮ್ಯಾಂಗ್ರೋವ್) ಬದಿಗಳಲ್ಲಿಯೂ ಕೆಂಬೇರಿ, ಮುರು ಮೀನುಗಳಿಗಾಗಿ ಕಯಾಕಿನಲ್ಲಿ ತಿರುಗುತ್ತಿದ್ದೇನೆ. ಹಗ್ಗವೋ ಬಲೆಯೋ ಸಿಕ್ಕಿಕೊಂಡಾಗ ಕೊಯ್ದು ಬಿಡಿಸಿಕೊಳ್ಳಲು ಬೇಕಾದ ಚಾಕುಗಳಿಗೆಂದೇ ಈ ಅವಧಿಯಲ್ಲಿ ಸುರಿದ ಹಣ 8,000 ರೂಪಾಯಿಯ ಹತ್ತಿರವಾದರೆ, ಕೊನೆಗೆ ಕೆಲಸಕ್ಕೆ ಬಂದ ಚಾಕುವಿಗೆ ಒರೆಯೂ ಸೇರಿ ತಗುಲಿದ್ದು 200 ರೂಪಾಯಿಯ ಒಳಗೆ. ಅದನ್ನು ಕಂಡು 'ಈರುಳ್ಳಿ ಹೆಚ್ಚಲು ಹೊರಟಿದ್ದೀರಾ' ಎಂದು ನಕ್ಕ ಗೆಳೆಯರಲ್ಲಿ ಮೂವರು ಈಗ ಅಂಥದನ್ನೇ ಮಾಡಿಕೊಂಡಿದ್ದಾರೆ. ಆದ್ದರಿಂದಲೇ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಕೊಂಡದ್ದು 1,200 ರೂಪಾಯಿಯ ಮಡಚುವ ಚಾಕು. ಲೈಫ್ ಜಾಕೆಟ್ಟಿನ ಜಿಪ್ ಕಿಸೆಯಲ್ಲಿ ಅದು ಭದ್ರವಾಗಿತ್ತು, ಅದೇ ಅದರ ದೋಷವೂ ಆಗಿತ್ತು. ಆಗ ನನಗೆ ಆಂಕರ್ ಟ್ರಾಲಿ (ಲಂಗರಿನ ಹಗ್ಗವನ್ನು ಕಯಾಕಿನ ತುದಿಗೆ ಸರಿಸುವ ರಾಟೆ-ಹಗ್ಗ) ಹಾಕುವಷ್ಟು ಬುದ್ಧಿಯಿರಲಿಲ್ಲ; ಲಂಗರಿನ ಹಗ್ಗವನ್ನು ಪಕ್ಕದ ಹಿಡಿಗೇ ಕಟ್ಟುತ್ತಿದ್ದೆ. ಒಂದು ಸಂಜೆ ಇಳಿತ ಜೋರಾದಾಗ ಕಯಾಕ್ ನೀರಿಗೆ ಅಡ್ಡವಾಗಿ, ಹರಿವಿಗೆ ಎದುರಾದ ಮಗ್ಗುಲು ಮುಳುಗತೊಡಗಿತು. ಒಂದು ಕೈ ಸಮತೋಲಕ್ಕೆ ಬೇಕಾಗಿದ್ದುದರಿಂದ ಚಾಕು ಬಿಚ್ಚಲು ಉಳಿದದ್ದು ಇನ್ನೊಂದೇ ಕೈ, ಅದೂ ಮರಳು ಕೂತು ಬಿಗಿದುಕೊಂಡ ಕೀಲಿನ ಮೇಲೆ. ಮರುವಾಯಿ ಚಿಪ್ಪು ಹೆಕ್ಕುತ್ತಿದ್ದವರ ದೋಣಿ ಬಂದು ಕತ್ತಿಯ ಒಂದೇ ಏಟಿಗೆ ಹಗ್ಗ ಕಡಿಯದಿದ್ದರೆ ಆ ದಿನ ರಾಡು, ರೀಲು ಎಲ್ಲವೂ ಹೋಗುತ್ತಿದ್ದವು.

ಆ ಹೆದರಿಕೆಯಲ್ಲಿ 4,500 ರೂಪಾಯಿ ಕೊಟ್ಟು ಮುಳುಗುಗಾರರ ಚಾಕು ತರಿಸಿ ಮೀನಖಂಡಕ್ಕೆ ಕಟ್ಟಿಕೊಂಡೆ. ಮಗುಚಿದ ಕಯಾಕನ್ನು ಮತ್ತೆ ಏರುವ ಅಭ್ಯಾಸ ಮಾಡುತ್ತಿದ್ದಾಗ ಅದರ ಹಿಡಿಕೆ ಪಕ್ಕದ ಹಗ್ಗಕ್ಕೆ ಸಿಕ್ಕಿಕೊಂಡು, ಎರಡನೆಯ ವಾರದಲ್ಲೇ ಹೊಳೆಯ ಪಾಲಾಯಿತು. ಇನ್ನು ಕಳೆಯಬಾರದೆಂದು ಮೂರನೆಯದನ್ನು ಸುರುಳಿದಾರದಿಂದ ಜಾಕೆಟ್ಟಿಗೆ ಕಟ್ಟಿದೆ. ಕಳೆಯಲಿಲ್ಲ, ನಿಜ, ಆದರೆ ಬಿದ್ದಾಗ ಒರೆಯಿಂದ ಕಳಚಿ ನೀರಿನಲ್ಲಿ ನನ್ನ ಸುತ್ತಲೇ ತಿರುಗಿ, ತೊಡೆಗೆ ನಾಲ್ಕು ಹೊಲಿಗೆ ಹಾಕಿಸಿತು. ಅಂದಿನಿಂದ ಚಾಕುವಿಗೆ ದಾರ ಕಟ್ಟುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಆಮೇಲೆ ಬಂದದ್ದು ಕಾರಿನ ಸೀಟ್ ಬೆಲ್ಟ್ ಕೊಯ್ಯುವ 250 ರೂಪಾಯಿಯ ಕೊಕ್ಕೆ. ಬ್ರೇಡ್ ಎಂಬ ಹೆಣೆದ ಗಾಳದ ದಾರವನ್ನೂ ಪಟ್ಟಿಯನ್ನೂ ಅದು ಬೆಣ್ಣೆಯಂತೆ ಕೊಯ್ಯುತ್ತದೆ, ಆದರೆ ನನ್ನ 8 ಮಿಲಿಮೀಟರಿನ ಲಂಗರಿನ ಹಗ್ಗ ಅದರ ಬಾಯೊಳಗೆ ಹೋಗಲೇ ಇಲ್ಲ.

ಇದರ ನಡುವೆ ಒಂದು ಹುಚ್ಚು ಪ್ರಯೋಗವೂ ನಡೆಯಿತು. ಮನೆಯಲ್ಲಿ ಮೆಟ್ಟುಕತ್ತಿಯ ಮೇಲೆ ಮೀನು ಹೆಚ್ಚುವುದನ್ನು ನೋಡುತ್ತಾ, ಕತ್ತಿ ನಿಂತಲ್ಲೇ ಇದ್ದರೆ ಎರಡೂ ಕೈಗಳು ಬಿಡುವಾಗಿರುತ್ತವಲ್ಲ ಎಂದು ಹೊಳೆದು, ಒಂದು ಅಲಗನ್ನು ಕಯಾಕಿನ ಅಂಚಿಗೇ ಕೂರಿಸಿದೆ. ಅದು ಮೊದಲು ಕೊಯ್ದದ್ದು ನನ್ನದೇ ಬ್ರೇಡನ್ನು. ಆ ತುದಿಯಲ್ಲಿ ಐದು ಕಿಲೋ ತೂಗುವಂಥ ಕೆಂಬೇರಿಯೂ 600 ರೂಪಾಯಿಯ ಲ್ಯೂರೂ (ಕೃತಕ ಎರೆ) ಇದ್ದವು.

ಇಷ್ಟಾದ ಮೇಲೆ ಚಾಕುವಿನ ಬೆಲೆಗಿಂತ ಅದಿರುವ ಜಾಗವೇ ಮುಖ್ಯವೆಂದು ತಿಳಿಯಿತು. ಪೇಟೆಯಿಂದ ಪ್ಲಾಸ್ಟಿಕ್ ಹಿಡಿಕೆಯ ಅಡುಗೆಮನೆಯ ಸ್ಟೀಲ್ ಚಾಕುಗಳನ್ನು, ಒಂದಕ್ಕೆ 90 ರೂಪಾಯಿಯಂತೆ, ಎರಡು ತಂದೆ. ಅಲಗನ್ನು ಸುಮಾರು ಮೂರು ಅಂಗುಲಕ್ಕೆ ಇಳಿಸಿ ಮೊನೆಯನ್ನು ಪೂರ್ತಿ ತೇಯ್ದು ಮೊಂಡು ಮಾಡಿದೆ. ತೇಯುವಾಗ ಕ್ಷಣಕ್ಕೊಮ್ಮೆ ನೀರಿಗೆ ಅದ್ದಬೇಕು. ಸ್ಟೀಲು ನೀಲಿಗೆ ತಿರುಗಿತೆಂದರೆ ಹದ ಕೆಟ್ಟು ಅಂಚು ನಿಲ್ಲುವುದಿಲ್ಲ. ಬುಡದ ಅರ್ಧ ಭಾಗಕ್ಕೆ ತೆಳು ಕಟಿಂಗ್ ಚಕ್ರದಿಂದ ಎಂಟೋ ಒಂಬತ್ತೋ ಹಲ್ಲು ಕೊಟ್ಟು, ಹಿಡಿಕೆಗೆ ಸೈಕಲ್ ಟ್ಯೂಬು ಸುತ್ತಿದೆ. ಹಲ್ಲು ಏಕೆ ಬೇಕೆಂದು ವಾದಿಸುವವರು ಒದ್ದೆ ಕೈಯಲ್ಲಿ, ಸಡಿಲವಾಗಿ ತೇಲುತ್ತಿರುವ ಬ್ರೇಡನ್ನು ನುಣುಪು ಅಂಚಿನಿಂದ ಒಮ್ಮೆ ಕೊಯ್ದು ನೋಡಲಿ. ನನ್ನ ಬಕೆಟ್ಟಿನ ಪರೀಕ್ಷೆಯಲ್ಲಿ ಲಂಗರಿನ ಹಗ್ಗಕ್ಕೆ ಹಲ್ಲಿನ ಅಂಚು ಮೂರು ನಾಲ್ಕು ಎಳೆತ ಕೇಳಿದರೆ ನುಣುಪು ಅಂಚು ಹತ್ತರ ಹತ್ತಿರ ಕೇಳಿತು. ಗಾಳದ ಹತ್ತಿರ ಕಟ್ಟುವ ಸ್ಟೀಲ್ ತಂತಿಯ ಲೀಡರಿಗೆ ಮಾತ್ರ ಎರಡೂ ಸೋತವು. ಅದಕ್ಕೆ ಕಿಸೆಯಲ್ಲಿ ಸರ್ಜಿಕಲ್ ಅಂಗಡಿಯ ದಪ್ಪ ಕತ್ತರಿ ಬೇರೆಯೇ ಇದೆ.

ಒರೆ ಪಿವಿಸಿ ಪೈಪಿನದು. ಉದ್ದಕ್ಕೆ ಸೀಳಿದ ತುಂಡನ್ನು ಮೆತ್ತಗಾಗುವವರೆಗೆ ಕಾಯಿಸಿ, ಕಾಗದ ಸುತ್ತಿದ ಚಾಕುವಿನ ಮೇಲೆ ಮಡಿಸಿ, ಎರಡು ಹಲಗೆಗಳ ನಡುವೆ ಒತ್ತಿದರೆ ಅಚ್ಚು ಕೂರುತ್ತದೆ. ಅದರ ಹೊಗೆ ಕೆಟ್ಟದ್ದು, ಆದ್ದರಿಂದ ಈ ಕೆಲಸ ಅಂಗಳದಲ್ಲಿಯೇ ಆಗಬೇಕು. ಮೊದಲ ಎರಡು ಒರೆಗಳಲ್ಲಿ ಒಂದು ಚಾಕುವನ್ನು ಬಿಡಲೇ ಇಲ್ಲ, ಇನ್ನೊಂದು ಹಿಡಿಯಲೇ ಇಲ್ಲ. ಮೂರನೆಯದು ಹಿಡಿಕೆಯ ಕುತ್ತಿಗೆಯನ್ನು ಟಕ್ಕೆಂದು ಕಚ್ಚಿತು; ಕಾಗದದ ಸುತ್ತು ಎಷ್ಟು, ಹಲಗೆಯನ್ನು ಯಾವಾಗ ಸಡಿಲಿಸಬೇಕು ಎಂಬ ಲೆಕ್ಕವನ್ನು ಕೇಳಿದವರಿಗೆ ಹೊಳೆಬದಿಯಲ್ಲಿ ತೋರಿಸಬಲ್ಲೆ, ಬರೆದು ಹಂಚಲಾರೆ. ತುದಿಯಲ್ಲಿ ನೀರಿಳಿಯಲು ತೂತು ಬಿಟ್ಟು, ಹಿಡಿಕೆ ಕೆಳಮುಖವಾಗಿ ತುಸು ಒಳಕ್ಕೆ ವಾಲುವಂತೆ ಅದನ್ನು ಜಾಕೆಟ್ಟಿನ ಎಡ ಎದೆಗೆ ಬಿಗಿದೆ. ಹೀಗಿದ್ದರೆ ಎರಡು ಕೈಗಳಲ್ಲಿ ಯಾವುದಕ್ಕಾದರೂ ಎಟಕುತ್ತದೆ, ಮತ್ತು ಕೆಳಕ್ಕೆ ಎಳೆದರೆ ಸಾಕು. ಕೆಳಮುಖದ ಚಾಕು ಬಿದ್ದೇ ಬೀಳುತ್ತದೆ ಎಂದವರ ಎದುರಿಗೇ ದಂಡೆಯಿಂದ ಇಪ್ಪತ್ತು ಸಲ ನೀರಿಗೆ ಹಾರಿದೆ, ಅದು ಅಲುಗಲಿಲ್ಲ. ಎದೆಮಟ್ಟದ ನೀರಿನಲ್ಲಿ ಕಣ್ಣು ಮುಚ್ಚಿ ಮುಳುಗಿ ತೆಗೆಯಲು ಬಲಗೈಗೆ ನಾಲ್ಕು ಸೆಕೆಂಡು, ಎಡಗೈಗೆ ಮೊದಲ ದಿನ ಏಳೆಂಟು ಸೆಕೆಂಡು ಬೇಕಾಯಿತು.

ತುಕ್ಕಿನ ಮಾತು ಬಂದರೆ, ಅಗ್ಗದ ಸ್ಟೀಲು ಉಪ್ಪುನೀರಿನ ಬಕೆಟ್ಟಿನಲ್ಲಿ ಮೂರೇ ದಿನಕ್ಕೆ ಚುಕ್ಕಿ ತೋರಿಸಿತು. ಸಿಹಿನೀರಿನಲ್ಲಿ ತೊಳೆದು ಕೊಬ್ಬರಿ ಎಣ್ಣೆ ಸವರುತ್ತೇನೆ, ಅಷ್ಟೆ. ತುಕ್ಕೇ ಹಿಡಿಯದ ಎಚ್‌1 ಸ್ಟೀಲಿನವು ಇವೆ, ಆದರೆ ಆ ಬೆಲೆಗೆ ನನಗೆ ಹತ್ತಾರು ವರ್ಷಗಳ ಚಾಕು ಬರುತ್ತದೆ.

ಕಳೆದ ನವೆಂಬರಿನಲ್ಲಿ ಇದರ ನಿಜವಾದ ಪರೀಕ್ಷೆಯಾಯಿತು. ಇಳಿತದಲ್ಲಿ ತೇಲಿಬಂದ ಬಲೆಯೊಂದು ಕಯಾಕಿನ ಹಿಂದಿನ ರಡ್ಡರಿಗೆ (ಚುಕ್ಕಾಣಿಗೆ) ಸಿಕ್ಕಿತು. ಬಿಡಿಸಲು ಹಿಂದಕ್ಕೆ ಬಾಗಿದವನು ಮಗುಚಿ ಬಿದ್ದೆ, ಎಡಗಾಲು ಬಲೆಯ ಕಣ್ಣುಗಳೊಳಗೆ ಹೋಯಿತು. ಬಲಗೈ ಕಯಾಕನ್ನು ಬಿಡುವಂತಿರಲಿಲ್ಲ. ಎಡಗೈ ತಾನಾಗಿ ಎದೆಗೆ ಹೋಯಿತು, ನಾಲ್ಕೈದು ಎಳೆತಕ್ಕೆ ಕಾಲು ಹೊರಬಂತು. ಮೊನೆ ಇಲ್ಲದ್ದರಿಂದ ಕಾಲಿಗೆ ಗೀರೂ ಆಗಲಿಲ್ಲ. ಚಾಕುವನ್ನು ಒರೆಗೆ ಸೇರಿಸುವ ಗೋಜಿಗೆ ಹೋಗದೆ ನೀರಿಗೆ ಬಿಟ್ಟೆ. 4,500 ರೂಪಾಯಿಯದಾಗಿದ್ದರೆ ಒಂದು ಕ್ಷಣ ಯೋಚಿಸುತ್ತಿದ್ದೆನೇನೋ.

ಮರುದಿನ ಬಲೆಯವರನ್ನು ಹುಡುಕಿಕೊಂಡು ಹೋಗಿ, ಹರಿದ ಕಣ್ಣುಗಳಿಗೆಂದು 500 ರೂಪಾಯಿ ಕೊಟ್ಟು, ಜೋಡಿ ಚಾಕುವನ್ನು ತೋರಿಸಿದೆ. ಅವರು ಮೊಂಡು ತುದಿಗೆ ಹೆಬ್ಬೆರಳು ಒತ್ತಿ ನೋಡಿ, "ಇದರಲ್ಲಿ ಒಂದು ಬಂಗುಡೆಯ ಹೊಟ್ಟೆಯೂ ಸೀಳಲಿಕ್ಕಾಗುವುದಿಲ್ಲ ಮಾರಾಯ್ರೇ" ಎಂದರು. ಒರೆಯನ್ನು ಮಾತ್ರ ನಾಲ್ಕಾರು ಸಲ ಟಕ್ಕೆನಿಸಿ ನೋಡಿದರು. ವಾರ ಕಳೆದು ತಮ್ಮ ಕತ್ತಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದಿಟ್ಟು, ಇದಕ್ಕೂ ಒಂದು ಮಾಡಿಕೊಡಿ ಎಂದಿದ್ದಾರೆ. ಅಲಗು ಅಗಲವಾದ್ದರಿಂದ ನನ್ನ ಪೈಪು ಸಾಲುತ್ತಿಲ್ಲ, ಎರಡು ಅಂಗುಲದ ತುಂಡಿಗೆ ಹೇಳಿಟ್ಟಿದ್ದೇನೆ.