ವಾಪಸ್ ಬಂದ ಕಂಪ್ಯೂಟರ್ ಭಾಗ, ಇಬ್ಬರ ತಕರಾರು: ನಾನು ಪರೀಕ್ಷಿಸುವ ಕ್ರಮ

ಕಂಪ್ಯೂಟರ್ ಭಾಗವೊಂದು ವಾಪಸ್ ಬಂದು ತಕರಾರು ಎದ್ದಾಗ ಎರಡೂ ಕಡೆಯವರು ಹೇಳುವುದು ಒಂದೇ ಮಾತು: "ನಮ್ಮ ಕೈಯಲ್ಲಿದ್ದಾಗ ಚೆನ್ನಾಗಿಯೇ ಇತ್ತು." ಸಾಮಾನ್ಯವಾಗಿ ಇಬ್ಬರೂ ಹಾಗೆಂದು ನಂಬಿಯೇ ಹೇಳುತ್ತಾರೆ. ಅದಕ್ಕೇ ಇಂಥ ಭಾಗಗಳನ್ನು ಪರೀಕ್ಷಿಸಿ ವರದಿ ಬರೆಯುವಾಗ ಸುಳ್ಳು ಯಾರದು ಎಂದು ಹುಡುಕುವ ಗೋಜಿಗೆ ನಾನು ಹೋಗುವುದಿಲ್ಲ. ಗೋದಾಮು, ಕೊರಿಯರ್, ಗ್ರಾಹಕ, ಮತ್ತೆ ಕೊರಿಯರ್, ಅಂಗಡಿಯ ಕೌಂಟರ್ ಎಂದು ಭಾಗ ಎಷ್ಟು ಸಲ ಕೈ ಬದಲಿಸಿದೆಯೋ ಅಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಪ್ರತಿ ಹಂತದಲ್ಲಿ ಅದು ಹೇಗಿತ್ತು ಎನ್ನುವುದಕ್ಕೆ ಏನು ದಾಖಲೆ ಇದೆ ಎಂದು ಪಕ್ಕದಲ್ಲೇ ಗುರುತು ಹಾಕುತ್ತೇನೆ. ದಾಖಲೆ ಇಲ್ಲದ ಹಂತ ಯಾವುದೋ, ಜಗಳ ಹುಟ್ಟಿರುವುದು ಅಲ್ಲೇ.

ಮೊದಲು ತಿಳಿಯಬೇಕಾದದ್ದು ವಾಪಸ್ ಯಾಕೆ ಎನ್ನುವುದು. ಮನಸ್ಸು ಬದಲಾಗಿ ಕೊಟ್ಟದ್ದೋ, ಬೇರೆ ಮಾಡೆಲ್ ಬಂತೆಂದು ಕೊಟ್ಟದ್ದೋ, ಮೊದಲ ದಿನವೇ ಜೀವವಿರಲಿಲ್ಲವೋ, ಕೆಲವು ತಿಂಗಳು ಓಡಿ ನಿಂತಿತೋ, ಸಾಗಣೆಯಲ್ಲಿ ಪೆಟ್ಟಾಯಿತೋ? ಇವುಗಳ ನಿಯಮ ಬೇರೆ ಬೇರೆ, ಗಡುವು ಬೇರೆ ಬೇರೆ. ಫಾರ್ಮಿನಲ್ಲಿ "ಕೆಲಸ ಮಾಡುತ್ತಿಲ್ಲ" ಎಂದಷ್ಟೇ ಬರೆದಿದ್ದರೆ ನಾನು ಮುಂದುವರಿಯುವುದಿಲ್ಲ. ಯಾವ ಮದರ್‌ಬೋರ್ಡ್, ಯಾವ ಪ್ರೊಸೆಸರ್, ಯಾವ ಪವರ್ ಸಪ್ಲೈ ಜೊತೆ ಹಾಕಿದ್ದರು, ಪರದೆಯಲ್ಲಿ ಏನು ಬಂತು, ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ, ಈ ಐದು ವಿಷಯ ಬರೆಸಿಕೊಳ್ಳುತ್ತೇನೆ. ಅರ್ಧದಷ್ಟು ಗೊಂದಲ ಇಲ್ಲೇ ತಿಳಿಯಾಗುತ್ತದೆ. ಹೊಸ ಪ್ರೊಸೆಸರ್‌ಗೆ ಹಳೆಯ ಬಯಾಸ್ (ಬೋರ್ಡನ್ನು ಚಾಲೂ ಮಾಡುವ ಒಳ ಸಾಫ್ಟ್‌ವೇರ್) ಇರುವ ಬೋರ್ಡ್ ಹಾಕಿದರೆ ಪರದೆ ಬರುವುದೇ ಇಲ್ಲ, ಆದರೆ ಎರಡೂ ಭಾಗ ಆರೋಗ್ಯವಾಗಿರುತ್ತವೆ. ಡಿಡಿಆರ್5 ರ‍್ಯಾಮ್ ಹಾಕಿದ ಬೋರ್ಡ್ ಮೊದಲ ಸಲ ಆನ್ ಆದಾಗ ಮೆಮೊರಿಯನ್ನು ಹೊಂದಿಸಿಕೊಳ್ಳಲು ಕೆಲವು ನಿಮಿಷ ಕಪ್ಪು ಪರದೆಯಲ್ಲೇ ನಿಲ್ಲಬಹುದು. ಅಷ್ಟರಲ್ಲಿ ಹೆದರಿ ಸ್ವಿಚ್ ಆರಿಸಿ "ಸತ್ತಿದೆ" ಎಂದು ವಾಪಸ್ ಮಾಡಿದವರನ್ನು ಮೋಸಗಾರರೆಂದು ಕರೆಯುವುದು ದೊಡ್ಡ ಅನ್ಯಾಯ.

ಪೆಟ್ಟಿಗೆ ಬಿಚ್ಚುವ ಮೊದಲೇ ಕ್ಯಾಮೆರಾ ಆನ್ ಆಗಿರಬೇಕು. ಕೊರಿಯರ್ ಲೇಬಲ್, ಆರೂ ಬದಿ, ಟೇಪು, ತೂಕದ ಯಂತ್ರದ ಮೇಲಿನ ಅಂಕಿ, ಎಲ್ಲವೂ ಒಂದೇ ಶಾಟ್‌ನಲ್ಲಿ, ನಡುವೆ ಕತ್ತರಿಸದೆ. ಲೇಬಲ್ ಮೇಲೆ ಕಳುಹಿಸಿದಾಗಿನ ತೂಕ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. "ಖಾಲಿ ಪೆಟ್ಟಿಗೆ ಬಂತು" ಎಂಬ ತಕರಾರಿನಲ್ಲಿ ಆ ಅಂಕಿ ಮತ್ತು ಇಲ್ಲಿಯ ಅಂಕಿಯ ಹೋಲಿಕೆ ಹತ್ತು ಪತ್ರಗಳಿಗೆ ಸಮ. ಗ್ರಾಹಕರಿಗೂ ಇದೇ ಮಾತು ಹೇಳುತ್ತೇನೆ: ತೆರೆಯುವಾಗ ಒಂದು ವಿಡಿಯೊ, ವಾಪಸ್ ಪ್ಯಾಕ್ ಮಾಡುವಾಗ ಇನ್ನೊಂದು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ, ಮುಖ್ಯವಾದದ್ದು ಅದೇ.

ಆಮೇಲೆ ಸೀರಿಯಲ್ ನಂಬರ್. ಬಿಲ್ಲಿನಲ್ಲಿರುವುದು, ಡಬ್ಬಿಯ ಮೇಲಿರುವುದು, ಭಾಗದ ಮೇಲಿರುವುದು, ಸಾಫ್ಟ್‌ವೇರ್ ಓದಿ ಹೇಳುವುದು, ಈ ನಾಲ್ಕೂ ಹೊಂದಬೇಕು. ಸ್ಟಿಕ್ಕರನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಬಹುದು. ಎಸ್‌ಎಸ್‌ಡಿ ಎಂಬ ಚಿಪ್ ಡ್ರೈವ್‌ನ ಫರ್ಮ್‌ವೇರ್ (ಅದನ್ನು ನಡೆಸುವ ಸಾಫ್ಟ್‌ವೇರ್) ಒಳಗಿನ ನಂಬರನ್ನು ಹಾಗೆ ಬದಲಿಸುವುದು ಸುಲಭವಲ್ಲ. ರ‍್ಯಾಮ್ ಕಡ್ಡಿಯ ಎಸ್‌ಪಿಡಿ ಎಂಬ ಪುಟ್ಟ ಚಿಪ್‌ನಲ್ಲಿ ತಯಾರಾದ ವರ್ಷ, ವಾರ ಮತ್ತು ಸೀರಿಯಲ್ ದಾಖಲಾಗಿರುತ್ತವೆ. ಜೋಡಿಯಾಗಿ ಮಾರಿದ ಎರಡು ಕಡ್ಡಿಗಳಲ್ಲಿ ಒಂದರ ವಾರ ಇನ್ನೊಂದರಿಂದ ವರ್ಷಗಟ್ಟಲೆ ದೂರವಿದ್ದರೆ ಪ್ರಶ್ನೆ ಕೇಳಲೇಬೇಕು. ಪ್ರಶ್ನೆ ಗ್ರಾಹಕರಿಗೆ ಮಾತ್ರವಲ್ಲ. ಹಿಂದೊಮ್ಮೆ ವಾಪಸ್ ಬಂದದ್ದನ್ನು ಪರೀಕ್ಷಿಸದೆ ಮತ್ತೆ ಸೀಲ್ ಮಾಡಿ ಮಾರಿದ್ದರೆ, ಬದಲಾದ ಭಾಗ ಈ ಗ್ರಾಹಕರ ಕೈಗೆ ಬರುವ ಮೊದಲೇ ಬದಲಾಗಿರುತ್ತದೆ. ಮಾರುವಾಗ ಬಿಲ್ಲಿನಲ್ಲಿ ಸೀರಿಯಲ್ ಬರೆಯದ ಅಂಗಡಿ "ಇದು ನಮ್ಮದಲ್ಲ" ಎಂದು ಹೇಳಿದರೆ ನಾನು ಒಪ್ಪುವುದಿಲ್ಲ.

ಅತಿ ಹೆಚ್ಚು ಕಹಿ ಹುಟ್ಟಿಸುವುದು ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್‌ನ ಬಾಗಿದ ಪಿನ್. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್‌ನಲ್ಲಿ 1,700 ಪಿನ್‌ಗಳಿವೆ, ಎಎಂಡಿ ಕಂಪನಿಯ ಎಎಂ5ನಲ್ಲಿ 1,718. ಮೇಲಿಂದ ನೇರ ಬೆಳಕು ಬಿಟ್ಟರೆ ಎಲ್ಲವೂ ಹೊಳೆದು ಏನೂ ಕಾಣದು. ಟಾರ್ಚನ್ನು ಬೋರ್ಡಿಗೆ ಹೆಚ್ಚುಕಡಿಮೆ ಸಮನಾಗಿ, ಪಕ್ಕದಿಂದ ಹಿಡಿಯಬೇಕು. ಆಗ ಸರಿಯಿರುವ ಪಿನ್‌ಗಳ ತುದಿಗಳು ಬಿತ್ತನೆ ಸಾಲಿನಂತೆ ಒಂದೇ ಸಮ ಮಿನುಗುತ್ತವೆ. ಬಾಗಿದ್ದು ಆ ಸಾಲಿನಲ್ಲಿ ಕಪ್ಪು ಚುಕ್ಕೆಯಾಗಿ ಅಥವಾ ಅಡ್ಡ ಮಿಂಚಾಗಿ ಎದ್ದು ಕಾಣುತ್ತದೆ. ಬೋರ್ಡನ್ನು 90 ಡಿಗ್ರಿ ತಿರುಗಿಸಿ ಮತ್ತೆ ನೋಡುತ್ತೇನೆ, ಏಕೆಂದರೆ ಬೆಳಕಿನ ದಿಕ್ಕಿಗೇ ಬಾಗಿದ್ದು ಮೊದಲ ಸಲ ತಪ್ಪಿಸಿಕೊಳ್ಳುತ್ತದೆ. 10 ಪಟ್ಟು ಹಿಗ್ಗಿಸುವ ಲೆನ್ಸ್ ಸಾಕು. ಸಾಕೆಟ್‌ನ ನಾಲ್ಕು ಭಾಗಕ್ಕೆ ನಾಲ್ಕು ಫೋಟೊ, ಒಂದು ಪೂರ್ತಿ ಫೋಟೊ, ಅದೇ ಚೌಕಟ್ಟಿನಲ್ಲಿ ಬೋರ್ಡಿನ ಸೀರಿಯಲ್ ಕಾಣುವಂತೆ ಇನ್ನೊಂದು.

ಬಾಗಿದ ರೀತಿ ಸ್ವಲ್ಪ ಮಾತಾಡುತ್ತದೆ. ಒಂದು ಮೂಲೆಯಲ್ಲಿ ಅಕ್ಕಪಕ್ಕದ ಹಲವು ಪಿನ್ ಒಂದೇ ದಿಕ್ಕಿಗೆ ಮಲಗಿದ್ದರೆ ಪ್ರೊಸೆಸರ್ ಜಾರಿ ಬಿದ್ದಿರುವ ಸಾಧ್ಯತೆ ಹೆಚ್ಚು. ಉದ್ದ ಗೀರಿನಂತೆ ತುದಿಗಳು ಕೊಕ್ಕೆಯಾಗಿದ್ದರೆ ಬಟ್ಟೆಯೋ ಬೆರಳೋ ಸವರಿದೆ. ಪಿನ್‌ಗಳ ನಡುವೆ ಥರ್ಮಲ್ ಪೇಸ್ಟ್ (ಪ್ರೊಸೆಸರ್ ಮತ್ತು ಕೂಲರ್ ನಡುವೆ ಹಚ್ಚುವುದು) ಇದ್ದರೆ ಆ ಸಾಕೆಟ್‌ನಲ್ಲಿ ಯಾರೋ ಪ್ರೊಸೆಸರ್ ಕೂರಿಸಿ ತೆಗೆದಿದ್ದಾರೆ ಎಂದರ್ಥ, ಕಾರ್ಖಾನೆಯಿಂದ ಪೇಸ್ಟ್ ಬರುವುದಿಲ್ಲ. ಆದರೆ ಇದಾವುದೂ "ಯಾರು" ಎಂದು ಹೇಳುವುದಿಲ್ಲ. ಕೌಂಟರ್‌ನಲ್ಲಿ ಸಾಕೆಟ್ ಮುಚ್ಚಳ ತೆಗೆದು ನೋಡದೆ ರಸೀದಿ ಕೊಟ್ಟು, ಮೂರು ದಿನ ಬಿಟ್ಟು "ಪಿನ್ ಬಾಗಿದೆ, ನಿಮ್ಮದೇ ತಪ್ಪು" ಎಂದು ಬರೆದರೆ ಆ ಮೂರು ದಿನದ ಹೊಣೆ ಅಂಗಡಿಯದೇ ಎನ್ನುವುದು ನನ್ನ ತೀರ್ಮಾನ. ಹಾಗೆಯೇ ಪ್ಲಾಸ್ಟಿಕ್ ಮುಚ್ಚಳ ಇಲ್ಲದೆ ಬೋರ್ಡ್ ಕಳುಹಿಸಿದ ಗ್ರಾಹಕರ ಪರ ವಾದಿಸುವುದು ಕಷ್ಟ. ಆ ಮುಚ್ಚಳವನ್ನು ದಯವಿಟ್ಟು ಎಸೆಯಬೇಡಿ.

ಎಎಂಡಿಯ ಹಿಂದಿನ ಸಾಕೆಟ್ ಎಎಂ4ನಲ್ಲಿ ಲೆಕ್ಕ ತಿರುವುಮುರುವು: 1,331 ಪಿನ್ ಇರುವುದು ಪ್ರೊಸೆಸರ್‌ನಲ್ಲೇ. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿರುವಾಗ ಕೂಲರ್ ಎಳೆದರೆ ಲಿವರ್ ಮುಚ್ಚಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ, ಪಿನ್ ಸೊಟ್ಟಗಾಗುತ್ತವೆ. ಹತ್ತು ನಿಮಿಷ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಆರಿಸಿ, ಕೂಲರನ್ನು ಅತ್ತಿತ್ತ ತಿರುಗಿಸಿ ಬಿಡಿಸಬೇಕು. ವಾಪಸ್ ಮಾಡಲು ಹೊರಟವರಿಗೆ ಈ ಸೂಚನೆಯನ್ನು ಅಂಗಡಿ ಮೊದಲೇ ಕಳುಹಿಸಿದರೆ ಎಷ್ಟೋ ತಕರಾರು ಹುಟ್ಟುವುದೇ ಇಲ್ಲ.

ರ‍್ಯಾಮ್‌ಗೆ ಮೆಮ್‌ಟೆಸ್ಟ್86+ ಎಂಬ ಮೆಮೊರಿ ಪರೀಕ್ಷೆಯ ಸಾಧನವನ್ನು ಯುಎಸ್‌ಬಿಯಿಂದ ಬೂಟ್ ಮಾಡಿ ಕನಿಷ್ಠ 4 ಸುತ್ತು ಓಡಿಸುತ್ತೇನೆ, ಮೊದಲು ಎಕ್ಸ್‌ಎಂಪಿ (ಕಡ್ಡಿಯನ್ನು ಮಾಮೂಲಿಗಿಂತ ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಇಲ್ಲದೆ, ನಂತರ ಅದನ್ನು ಆನ್ ಮಾಡಿ. ಮಾಮೂಲಿ ವೇಗದಲ್ಲಿ ಒಂದೇ ಒಂದು ತಪ್ಪು ಬಂದರೂ ಕಡ್ಡಿಯನ್ನು ಒಂಟಿಯಾಗಿ, ಬೇರೆ ಸ್ಲಾಟ್‌ನಲ್ಲಿ ಹಾಕಿ ಮತ್ತೆ ನೋಡಬೇಕು. ತಪ್ಪು ಕಡ್ಡಿಯ ಜೊತೆ ಹೋದರೆ ಕಡ್ಡಿ ಕೆಟ್ಟಿದೆ, ಸ್ಲಾಟ್‌ನಲ್ಲೇ ಉಳಿದರೆ ಬೋರ್ಡ್ ಅಥವಾ ಮತ್ತೆ ಆ ಬಾಗಿದ ಪಿನ್. ಎಕ್ಸ್‌ಎಂಪಿಯಲ್ಲಿ ಮಾತ್ರ ತಪ್ಪು ಬಂದರೆ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್‌ಗೂ ಅದರಲ್ಲಿ ಪಾಲಿದೆ. ಆ ಕಿಟ್ (ಕಡ್ಡಿಗಳ ಜೋಡಿ) ಹೆಸರು ಬೋರ್ಡ್ ತಯಾರಕರು ಪರೀಕ್ಷಿಸಿ ಕೊಟ್ಟ ಮೆಮೊರಿ ಪಟ್ಟಿಯಲ್ಲಿ ಇದೆಯೇ ಎಂದು ನೋಡಿ, ಇನ್ನೊಂದು ಬೋರ್ಡಿನಲ್ಲಿ ಓಡಿಸಿದ ಮೇಲೆಯೇ ಬರೆಯುತ್ತೇನೆ. ಕಿಟ್‌ನಲ್ಲಿ ಒಂದೇ ಕಡ್ಡಿ ಕೆಟ್ಟರೂ ಎರಡನ್ನೂ ಒಟ್ಟಿಗೆ ವಾಪಸ್ ಮಾಡಬೇಕು.

ಎಸ್‌ಎಸ್‌ಡಿಯಲ್ಲಿ "ತೆರೆದೇ ಇಲ್ಲ" ಎಂಬ ಮಾತನ್ನು ಅದರ ಒಳಲೆಕ್ಕವೇ ತೀರ್ಮಾನಿಸುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊದಂಥ ಸಾಧನದಲ್ಲಿ ಎಷ್ಟು ಬರೆಯಲಾಗಿದೆ, ಎಷ್ಟು ಸಲ ಆನ್ ಆಗಿದೆ ಎನ್ನುವುದು ಕಾಣುತ್ತದೆ. ಎನ್‌ವಿಎಂಇ (ವೇಗದ ಬಗೆಯ ಎಸ್‌ಎಸ್‌ಡಿ) ಲೆಕ್ಕದಲ್ಲಿ ಬರೆದ ಡೇಟಾದ ಒಂದು ಯೂನಿಟ್ ಎಂದರೆ 5,12,000 ಬೈಟ್. ಕಚ್ಚಾ ಅಂಕಿ 2,00,000 ಎಂದಿದ್ದರೆ ಸುಮಾರು 102 ಜಿಬಿ ಬರೆದಾಗಿದೆ, ಅದು ಮುಟ್ಟದ ಡ್ರೈವ್ ಆಗಿರಲಾರದು. ಒಂದು ಎಚ್ಚರಿಕೆ: ಓಡಿದ ಗಂಟೆಗಳ ಅಂಕಿಯೊಂದನ್ನೇ ನಂಬಬಾರದು, ಡ್ರೈವ್ ನಿದ್ದೆಯಲ್ಲಿದ್ದ ಹೊತ್ತು ಅದರಲ್ಲಿ ಸೇರದಿರಬಹುದು. ಹಾರ್ಡ್ ಡಿಸ್ಕ್ ತನ್ನ ಬಗ್ಗೆ ತಾನೇ ಇಡುವ ಆರೋಗ್ಯ ಲೆಕ್ಕದಲ್ಲಿ (ಸ್ಮಾರ್ಟ್) 5, 197, 198 ಸಂಖ್ಯೆಯ ಸಾಲುಗಳು ಡಿಸ್ಕ್‌ನದೇ ಕಾಯಿಲೆಯನ್ನು ಹೇಳುತ್ತವೆ. 199 ಸಂಖ್ಯೆಯ ಸಾಲಿನ ಅಂಕಿ ಏರಿದ್ದರೆ ಹೆಚ್ಚಾಗಿ ಕೇಬಲ್ ದೋಷ, ಡಿಸ್ಕ್ ಬದಲಿಸಿಕೊಟ್ಟರೂ ಗ್ರಾಹಕರ ತೊಂದರೆ ಹೋಗದು. 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುವುದು ಎಣಿಕೆಯ ವ್ಯತ್ಯಾಸ, ದೋಷವಲ್ಲ. ಡ್ರೈವ್‌ನಲ್ಲಿರುವ ಫೈಲುಗಳನ್ನು ತೆರೆದು ನೋಡುವ ಹಕ್ಕು ಪರೀಕ್ಷಿಸುವವರಿಗೆ ಇಲ್ಲವೇ ಇಲ್ಲ.

ಪವರ್ ಸಪ್ಲೈನಲ್ಲಿ 24 ಪಿನ್ ಕನೆಕ್ಟರಿನ ಹಸಿರು ತಂತಿಯನ್ನು ಗ್ರೌಂಡಿಗೆ ಮುಟ್ಟಿಸಿ ಫ್ಯಾನ್ ತಿರುಗಿತೆಂದು "ಸರಿಯಿದೆ" ಎಂದು ಬರೆಯುವವರಿದ್ದಾರೆ. ಅದು ಪರೀಕ್ಷೆಯಲ್ಲ. ಲೋಡ್ ಇರುವಾಗ 12 ವೋಲ್ಟ್ ಸಾಲು 11.40ರಿಂದ 12.60ರ ಒಳಗೆ, 5 ವೋಲ್ಟ್ ಸಾಲು 4.75ರಿಂದ 5.25ರ ಒಳಗೆ ನಿಲ್ಲಬೇಕು. ಮಾಡ್ಯುಲರ್ (ಸಪ್ಲೈನಿಂದ ಬಿಡಿಸಬಹುದಾದ) ಕೇಬಲ್‌ಗಳನ್ನು ಒಂದೊಂದಾಗಿ ಎಣಿಸಿ ನೋಡಿ. ಸಪ್ಲೈ ಕಡೆಯ ತುದಿಯ ಪಿನ್ ಜೋಡಣೆಗೆ ಏಕರೂಪದ ನಿಯಮವಿಲ್ಲ, ಬೇರೆ ಮಾಡೆಲ್‌ನ ಕೇಬಲ್ ಹಾಕಿದರೆ ಡ್ರೈವ್ ಸುಡಬಹುದು. ಒಟ್ಟಿಗೆ ಎರಡು ಮೂರು ಡ್ರೈವ್ ಸತ್ತು ವಾಪಸ್ ಬಂದರೆ ನಾನು ಮೊದಲು ಕೇಳುವುದು ಕೇಬಲ್‌ಗಳನ್ನೇ.

ಗ್ರಾಫಿಕ್ಸ್ ಕಾರ್ಡಿನಲ್ಲಿ ಸ್ಲಾಟಿಗೆ ಕೂರುವ ಅಂಚಿನ ಹತ್ತಿರ ಕೂದಲೆಳೆಯಂಥ ಬಿರುಕು ಇದೆಯೇ ನೋಡಬೇಕು. ಕಾರ್ಡ್ ಹಾಕಿದ ಹಾಗೆಯೇ ಇಡೀ ಕಂಪ್ಯೂಟರ್ ಸಾಗಿಸಿದಾಗ ಅಲ್ಲೇ ಸೀಳುತ್ತದೆ. 16 ಪಿನ್ ಪವರ್ ಕನೆಕ್ಟರ್ ಕರಗಿದ್ದರೆ ಕೇಬಲ್ ತುದಿಯನ್ನೂ ಜೊತೆಗೇ ತರಿಸಿಕೊಳ್ಳಿ, ಪೂರ್ತಿ ಕೂತಿತ್ತೋ ಇಲ್ಲವೋ ಎಂಬ ಗುರುತು ಪ್ಲಾಸ್ಟಿಕ್ ಮೇಲೆ ಉಳಿದಿರಬಹುದು. ಜಿಪಿಯು-ಝಡ್ ಎಂಬ ಉಚಿತ ಸಾಧನ ಹಳೆಯ ಚಿಪ್‌ಗೆ ಹೊಸ ಹೆಸರು ತುಂಬಿದ ಹಲವು ನಕಲಿ ಕಾರ್ಡುಗಳನ್ನು ಗುರುತಿಸಿ ತೋರಿಸುತ್ತದೆ.

"ನಮ್ಮಲ್ಲಿ ಪರೀಕ್ಷಿಸಿದಾಗ ದೋಷ ಕಾಣಲಿಲ್ಲ" ಎಂಬ ಒಂದು ಸಾಲು ಬರೆದು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳನ್ನು ನೆನಪಿಸಿಕೊಳ್ಳಿ. ಆಟದ ನಡುವೆ, ಕುಗ್ಗಿಸಿದ ಫೈಲು ಬಿಚ್ಚುವಾಗ ಕುಸಿಯುತ್ತಿದ್ದವು, ಗಂಟೆಯೊಳಗಿನ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದಿತ್ತು. 2024ರಲ್ಲಿ ಕಂಪನಿಯೇ ಅತಿಯಾದ ವೋಲ್ಟೇಜ್ ಕಾರಣವೆಂದು ಹೇಳಿ, ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳ ಸಾಫ್ಟ್‌ವೇರ್‌ನ ತಿದ್ದುಪಡಿ) ಕೊಟ್ಟಿತು, ವಾರಂಟಿಯನ್ನು 2 ವರ್ಷ ವಿಸ್ತರಿಸಿತು. ಅದಕ್ಕೂ ಮೊದಲು ದೂರು ಕೊಟ್ಟವರ ಮಾತು ನಿಜವೇ ಆಗಿತ್ತು. ಹಾಗಾಗಿ ದೋಷ ಕಾಣದಿದ್ದಾಗ ಯಾವ ಬೋರ್ಡ್, ಯಾವ ಬಯಾಸ್, ಎಷ್ಟು ಗಂಟೆ, ಯಾವ ತಾಪಮಾನ ಎಂದು ಬರೆದು, ಗ್ರಾಹಕರು ಹೇಳಿದ ಸಂದರ್ಭವನ್ನೇ ಮತ್ತೆ ಕಟ್ಟಿ ಒಂದು ರಾತ್ರಿಯಾದರೂ ಓಡಿಸುತ್ತೇನೆ.

ಗ್ರಾಹಕರ ಪತ್ರ ಚಿಕ್ಕದಿರಬೇಕು: "ಈ ಬಿಲ್ ಸಂಖ್ಯೆಯ, ಈ ಸೀರಿಯಲ್‌ನ ಭಾಗವನ್ನು ಈ ದಿನ ನಿಮಗೆ ತಲುಪಿಸಿದ್ದೇನೆ. ದೋಷ ಇದು, ನೋಡಿದ ಕ್ರಮ ಇದು, ಫೋಟೊಗಳು ಜೊತೆಗಿವೆ. ಬದಲಿ ಭಾಗ ಬೇಕು. ತಿರಸ್ಕರಿಸುವುದಾದರೆ ನೀವು ತೆಗೆದ ಫೋಟೊ ಮತ್ತು ಪರೀಕ್ಷೆಯ ವಿವರ ಕಳುಹಿಸಿಕೊಡಿ." ಬೈಗುಳ ಬೇಡ, ಬೆದರಿಕೆ ಬೇಡ. ಫೋನ್‌ನಲ್ಲಿ ಆದ ಮಾತನ್ನು ಅದೇ ದಿನ ಬರಹದಲ್ಲಿ ಕಳುಹಿಸಿ. ಹಣ ಕಟ್ಟಿದ ಕಾರ್ಡಿನ ಬ್ಯಾಂಕಿನಲ್ಲಿ ಹಣ ವಾಪಸ್ ಕೇಳುವುದೂ ಅಂಗಡಿಯಲ್ಲಿ ಬದಲಿ ಕೇಳುವುದೂ ಏಕಕಾಲಕ್ಕೆ ಮಾಡಿದರೆ ಅಂಗಡಿ ಎರಡನ್ನೂ ತಡೆಹಿಡಿಯಬಹುದು. ಆದರೆ ಬ್ಯಾಂಕಿನ ಗಡುವು ಯಾವಾಗ ಮುಗಿಯುತ್ತದೆ ಎಂದು ಮೊದಲ ದಿನವೇ ತಿಳಿದುಕೊಂಡಿರಬೇಕು.

ಕೋರಿಕೆ ತಿರಸ್ಕೃತವಾದರೆ ಭಾಗವನ್ನು ಗ್ರಾಹಕರಿಗೆ ಮರಳಿಸುವುದೂ ಇನ್ನೊಂದು ಕೈ ಬದಲಾವಣೆಯೇ. ಸಾಕೆಟ್ ಮುಚ್ಚಳ ಹಾಕಿ, ಬೆಳ್ಳಿ ಬಣ್ಣದ ಆಂಟಿಸ್ಟಾಟಿಕ್ (ಸ್ಥಿರ ವಿದ್ಯುತ್ ತಡೆಯುವ) ಚೀಲದಲ್ಲಿಟ್ಟು, ಸೀರಿಯಲ್ ಕಾಣುವ ಫೋಟೊ ತೆಗೆದು, ತೂಕ ಬರೆದೇ ಕಳುಹಿಸುತ್ತೇನೆ. ತಯಾರಕರ ವಾರಂಟಿಗೆ ಅವರು ನೇರವಾಗಿ ಹೋಗಬಹುದು, ಅಲ್ಲಿಯೂ ಕೇಳುವುದು ಇದೇ ಫೋಟೊಗಳನ್ನು.