ಮಧ್ಯಾಹ್ನ ಇಳಿಯುತ್ತಿದ್ದ ಕೌಂಟ್

ರಾಯಚೂರಿನ ಮೇ ತಿಂಗಳು. ಎಂ.ಎಸ್ಸಿ. ಲ್ಯಾಬಿನಲ್ಲಿ ಫ್ಯಾನು ಬಿಸಿಗಾಳಿಯನ್ನೇ ಬೀಸುತ್ತಿತ್ತು. ವಿದ್ಯಾರ್ಥಿನಿಯೊಬ್ಬಳು ರೀಡಿಂಗ್ ಹಿಡಿದು ಬಂದಳು. "ಸರ್, ಮಧ್ಯಾಹ್ನ ಆದ್ರ ಕೌಂಟ್ ಕಡಿಮಿ ಬರಾಕತ್ತೈತ್ರಿ. ಮೂರು ದಿನದಿಂದ ನೋಡೀನ್ರಿ."

ವಿಕಿರಣ ಎಣಿಸುವ ಜಿ.ಎಂ. (ಗೈಗರ್-ಮುಲ್ಲರ್) ಕೌಂಟರ್ ಮುಂದೆ ವಿಕಿರಣ ಸೂಸುವ ಸೀಸಿಯಂ-137 ಸೋರ್ಸ್. ಬೆಳಿಗ್ಗೆ ನಿಮಿಷಕ್ಕೆ ಸುಮಾರು 2,500, ಮಧ್ಯಾಹ್ನ 2,200. ಸೀಸಿಯಂ ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷ ಬೇಕು. ಅರ್ಧ ದಿನದಲ್ಲಿ ಇಷ್ಟು ಇಳಿದು, ಮರುದಿನ ಮತ್ತೆ ಏರುವುದುಂಟೇ?

"ಎಲ್ಲೋ ತಪ್ಪು ಮಾಡಿದ್ದೀಯ" ಎನ್ನುವ ಮಾತು ಬಾಯಿಗೆ ಬಂದಿತ್ತು. ತಡೆದುಕೊಂಡೆ. 2,500ರ ವರ್ಗಮೂಲ 50. ಇಂಥ ಎಣಿಕೆಯಲ್ಲಿ ವರ್ಗಮೂಲದಷ್ಟು ಏರಿಳಿತ ಸಹಜ. ಇಲ್ಲಿ ಅದರ ಆರು ಪಟ್ಟು ವ್ಯತ್ಯಾಸವಿತ್ತು, ಅದೂ ದಿನಾ. ಆಕಸ್ಮಿಕವಂತೂ ಅಲ್ಲ. ಆದರೆ ಈ ಲೆಕ್ಕ ಉಪಕರಣದ ದೋಷವನ್ನು ಹಿಡಿಯುವುದಿಲ್ಲ.

ಅವಳಿಗೆ 2011ರ ಒಪೇರಾ ಪ್ರಯೋಗದ ಬಗ್ಗೆ ಹೇಳಿದೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ 730 ಕಿ.ಮೀ. ದೂರದ ಇಟಲಿಯ ಗ್ರಾನ್ ಸಾಸೊ ಲ್ಯಾಬಿಗೆ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೋಸೆಕೆಂಡ್ ಮೊದಲೇ ಬಂದಂತೆ ಕಂಡಿತ್ತು. ಅಲ್ಲೂ ವ್ಯತ್ಯಾಸ ಅಳತೆಯ ಅನಿಶ್ಚಿತತೆಯ ಆರು ಪಟ್ಟೇ! ಆದರೆ ಅದು ನಿಜವಾಗಿದ್ದರೆ, 1987ರಲ್ಲಿ ಕಂಡ ಸೂಪರ್‌ನೋವಾದ (ಸ್ಫೋಟಿಸಿದ ನಕ್ಷತ್ರದ) ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು ನಾಲ್ಕು ವರ್ಷ ಮೊದಲೇ ಬರಬೇಕಿತ್ತು. ಬಂದದ್ದು ಕೆಲವೇ ಗಂಟೆ ಮೊದಲು. ಕೊನೆಗೆ ಸಿಕ್ಕ ಮುಖ್ಯ ಕಾರಣ, ಸರಿಯಾಗಿ ಕೂರದ ಒಂದು ಫೈಬರ್ ಕೇಬಲ್. ಆ ತಂಡದ ಬಗ್ಗೆ ನನಗೆ ಗೌರವವಿದೆ. ಫಲಿತಾಂಶ ಮುಚ್ಚಿಡಲಿಲ್ಲ, ನೀವೂ ಪರೀಕ್ಷಿಸಿ ಎಂದು ಎಲ್ಲರನ್ನೂ ಕೇಳಿದರು.

ನಾವೂ ಹಾಗೇ ಯೋಚಿಸಿದೆವು. ಸೀಸಿಯಂ ನಿಜಕ್ಕೂ ಬದಲಾಗುತ್ತಿದ್ದರೆ ಇನ್ನೊಂದು ಕೌಂಟರಿನಲ್ಲೂ ಕಾಣಬೇಕಲ್ವಾ? ಅದೇ ಸೋರ್ಸ್ ಇಟ್ಟೆವು. ಅಲ್ಲಿ ಇಳಿಕೆ ಇಲ್ಲ.

ಆಮೇಲೆ ಮೀಟರ್ ಹಚ್ಚಿ ಕೂತೆವು. ಮಧ್ಯಾಹ್ನ ಊರೆಲ್ಲ ಕೂಲರ್ ಓಡುವಾಗ ಲ್ಯಾಬಿನ ಕರೆಂಟಿನ ವೋಲ್ಟೇಜ್ ಇಳಿಯುತ್ತಿತ್ತು, ಜೊತೆಗೆ ಕೌಂಟರಿನ ಟ್ಯೂಬಿನದ್ದೂ. ಟ್ಯೂಬನ್ನು ನಾವು ಪ್ಲೇಟೋದ, ಅಂದರೆ ವೋಲ್ಟೇಜ್ ಬದಲಾದರೂ ಕೌಂಟ್ ಹೆಚ್ಚು ಬದಲಾಗದ ವ್ಯಾಪ್ತಿಯ, ಕೆಳ ಅಂಚಿನಲ್ಲೇ ನಡೆಸುತ್ತಿದ್ದೆವು. ಅಲ್ಲಿಂದ ಸ್ವಲ್ಪ ಇಳಿದರೂ ಕೌಂಟ್ ಬೀಳುತ್ತದೆ. ಪ್ಲೇಟೋದ ನಡುವಿಗೆ ಏರಿಸಿ ಸ್ಟೆಬಿಲೈಸರ್ ಹಾಕಿದೆವು. ವ್ಯತ್ಯಾಸ ಹೋಯಿತು.

ಅಷ್ಟಕ್ಕೇ ಬಿಡಲಿಲ್ಲ. ಮತ್ತೆ ಹಳೇ ಸೆಟ್ಟಿಂಗಿಗೆ ತಂದು, ಇಳಿಕೆ ವಾಪಸ್ ಬರುತ್ತದಾ ನೋಡಿದೆವು. ಬಂತು. ಆಗಲೇ ನನಗೆ ಸಮಾಧಾನ.

ಮರುದಿನ ಅವಳು ಕೇಳಿದಳು: "ಸರ್, ಹಿಂದಿನ ಬ್ಯಾಚಿನವ್ರೂ ಇದೇ ವೋಲ್ಟೇಜಿಗೆ ತಗೊಂಡಿದ್ರಲ್ರೀ?" ಹೌದು. ಉತ್ತರ ಪುಸ್ತಕದಂತೆ ಬಂದಿದ್ದರಿಂದ ಯಾರೂ ಅನುಮಾನಪಟ್ಟಿರಲಿಲ್ಲ. ಆ ರೆಕಾರ್ಡ್‌ಗಳಿಗೆ ಸಹಿ ಹಾಕಿದವನು ನಾನೇ. ಅವನ್ನೆಲ್ಲ ಕಪಾಟಿನಿಂದ ತೆಗೆದು, ಇಬ್ಬರೂ ಮೊದಲಿನಿಂದ ನೋಡತೊಡಗಿದೆವು.